ಹೇಳದೆ ಹೊರಟುಹೋದವನು

ಇಡೀ ರೆಸ್ಟೋರೆಂಟ್ ಚಪ್ಪಾಳೆ ತಟ್ಟುತ್ತಿತ್ತು. ಧಾತ್ರಿಯ ಕೈಗಳು ಮಾತ್ರ ಅರ್ಧಕ್ಕೇ ನಿಂತುಬಿಟ್ಟವು!

ಅರ್ಜೆಂಟೀನಾದಲ್ಲಿ ಊಟಕ್ಕೆ ಕೂತವರೆಲ್ಲ ಮಾಂಸ ಸುಟ್ಟವನಿಗೆ ಚಪ್ಪಾಳೆ ತಟ್ಟುತ್ತಾರಂತೆ. ಮುಂಬೈ ಫೋರ್ಟ್‌ನ ಈ ಹೊಸ ಜಾಗದಲ್ಲೂ ಅದೇ ಪದ್ಧತಿ. ಎಲ್ಲರ ಕಣ್ಣೆದುರೇ ಧಗಧಗ ಉರಿಯುವ ಕಟ್ಟಿಗೆ, ಕಬ್ಬಿಣದ ಸರಳಿಗೆ ಕಟ್ಟಿ ಬೆಂಕಿಗೆ ಒರಗಿಸಿದ ಕುರಿಮರಿ, ಗಿಟಾರ್, ನಗು, ಗಲಾಟೆ... ಮಾಂಸ ಮುಟ್ಟದ ಧಾತ್ರಿಯನ್ನು ಆಫೀಸಿನ ಗೆಳತಿ ಸಪ್ನಾ, ಕೆಂಡದಲ್ಲಿ ಸುಟ್ಟ ಕುಂಬಳಕಾಯಿಯ ಆಸೆ ತೋರಿಸಿ ಪವಾಯಿಯಿಂದ ಎಳೆದು ತಂದಿದ್ದಳು.

ಚಪ್ಪಾಳೆಗೆ ತಲೆಬಾಗಲು ಒಲೆಯ ಮುಂದಿದ್ದವನು ಈಚೆ ತಿರುಗಿದ.

ಸುಕೇಶ್!

ಮೂರು ವರ್ಷದಿಂದ ಒಂದೇ ಒಂದು ಪ್ರಶ್ನೆ ಧಾತ್ರಿಯನ್ನು ಒಳಗೊಳಗೇ ಕೊರೆಯುತ್ತಿತ್ತು... 'ಯಾಕೆ ಹಾಗೆ ಹೋದೆ?'

ಅವಳ ಅಪ್ಪ ಫೋರ್ಟ್‌ನ ಬ್ಯಾಂಕೊಂದರಲ್ಲಿದ್ದಾಗ ದಿನಾ ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನ ಹುಡುಗ ಸುಕೇಶ್, ಯಜಮಾನರ ತಮ್ಮನ ಮಗ. ಅಪ್ಪನ ನೆಪದಲ್ಲಿ ಶುರುವಾದ ಪರಿಚಯ ಪ್ರೀತಿಯಾಗಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟರು!

ಆ ದಿನ ಸುಕೇಶ್, ಆಗ ಅವರಿದ್ದ ದಹಿಸರ್‌ನ ಮನೆಗೆ ಬಂದ. ಸಂಜೆಯವರೆಗೂ ಮೂಲೆಯಲ್ಲಿ ಕೂತಿದ್ದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಒಂದು ಮಾತಿಲ್ಲ, ತಿರುಗಿ ಒಂದು ನೋಟವಿಲ್ಲ. ಮರುದಿನ ಬೆಳಿಗ್ಗೆ ಅವನು ಅಡುಗೆ ಕೆಲಸ ಕಲಿಯಲು ಅರ್ಜೆಂಟೀನಾಕ್ಕೆ ವಿಮಾನ ಹತ್ತುವವನಿದ್ದ.

'ಅಪ್ಪನೂ ಹೇಳದೆ ಹೋದರು, ಇವನೂ...' ಅವನು ಗೇಟು ದಾಟುವಷ್ಟರಲ್ಲಿ ಅವಳು ಅವನ ನಂಬರ್ ಬ್ಲಾಕ್ ಮಾಡಿದ್ದಳು.

ಈಗ ಧಾತ್ರಿ ಬ್ಯಾಗ್ ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಓಡಿದಳು. ಹಿಂದೆಯೇ ಹೆಜ್ಜೆಯ ಸದ್ದು.

"ಧಾತ್ರೀ, ಒಂದು ನಿಮಿಷ ನಿಲ್ಲು ಮಾರಾಯ್ತಿ!"

"ಈಗ ಯಾಕೆ ಕರೀತೀಯಾ? ಆವತ್ತು ನನ್ನ ಕಣ್ಮುಂದೇನೇ ಎದ್ದು ಹೋದೆಯಲ್ಲ! 'ಹೋಗಿ ಬರ್ತೀನಿ' ಅನ್ನೋಕೂ ನಾನು ಬೇಡವಾಗಿದ್ನಾ?"

ಸುಕೇಶ್ ಒಂದು ಮೆಟ್ಟಿಲು ಇಳಿದು ಬಂದ.

"ಹೋಗಿ ಬರ್ತೇನೆ ಅಂತವಾ? ಸಾವಿನ ಮನೆಯಲ್ಲಿ?"

"ಹೂಂ. ಅದರಲ್ಲೇನಿದೆ?"

"ಅಲ್ಲಿ ಹಾಗೆ ಹೇಳ್ಲಿಕ್ಕಿಲ್ಲ ಧಾತ್ರಿ! ಪುನಃ ಅಂಥದ್ದೇ ಕಾರಣಕ್ಕೆ ಆ ಮನೆಗೆ ಬರುವ ಹಾಗಾಗ್ತದೆ ಅಂತ... ಸುಮ್ಮನೆ ಎದ್ದು ಹೋಗ್ಬೇಕು, ತಿರುಗಿ ನೋಡ್ಬಾರ್ದು. ನಿಮ್ಮಲ್ಲಿಯೂ ಅದೇ ಅಲ್ವಾ? ನಿಂಗೆ ಗೊತ್ತುಂಟು ಅಂದ್ಕೊಂಡಿದ್ದೆ."

ಅವಳಿಗೆ ಗೊತ್ತಿರಲಿಲ್ಲ! ಮುಂಬೈಯಲ್ಲೇ ಹುಟ್ಟಿ ಬೆಳೆದವಳು; ಹತ್ತಿರದಿಂದ ಕಂಡ ಮೊದಲ ಸಾವೇ ಅಪ್ಪನದು. ಅಮ್ಮನನ್ನು ಕೇಳಿದ್ದರೆ ಅರೆಗಳಿಗೆಯಲ್ಲಿ ಬಿಡಿಸಿ ಹೇಳುತ್ತಿದ್ದರು. ಆದರೆ ಅಮ್ಮನಿಂದ ಮುಚ್ಚಿಟ್ಟ ಪ್ರೀತಿಯ ನೋವನ್ನು ಅಮ್ಮನ ಹತ್ತಿರ ಹೇಗೆ ಕೇಳುವುದು?

"ಸ್ಟೇಷನ್ ಮುಟ್ಟಿದ ಕೂಡಲೇ ಫೋನ್ ಮಾಡಿದೆ," ಎಂದ ಸುಕೇಶ್. "ಹೋಗುವ ಮಾತೆಲ್ಲ ಫೋನಲ್ಲಿ ಹೇಳುವ ಅಂತಿದ್ದೆ. ತಾಗ್ಲೇ ಇಲ್ಲ. ಅಲ್ಲಿಂದಲೂ ಮಾಡಿದೆ. ಇಂಥ ಹೊತ್ತಲ್ಲಿ ಬಿಟ್ಟು ಹೋದವ ಬೇಡ ಅಂತ ಬ್ಲಾಕ್ ಮಾಡಿದ್ದಿ, ಅದು ಸರಿಯೇ ಅಂತ ಸುಮ್ಮನಾದೆ. ವಾಪಸ್ ಬಂದು ದಹಿಸರ್‌ಗೆ ಹೋದ್ರೆ ಮನೆಯಲ್ಲಿ ಬೇರೆ ಯಾರೋ ಇದ್ರು..."

ಧಾತ್ರಿ ಮೆಟ್ಟಿಲ ಮೇಲೆ ಕೂತಳು. ಅಯ್ಯೋ, ಎಂಥ ಕೆಲಸ ಮಾಡಿಕೊಂಡೆ! ಅವನು ನನ್ನ ಮನೆಗೆ ಇನ್ನೊಂದು ಕೇಡು ಬಾರದಿರಲಿ ಎಂದು ಬಾಯಿ ಬಿಗಿಹಿಡಿದು ಹೋದ. ನಾನು ಅದನ್ನೇ ತಪ್ಪೆಂದು ಮೂರು ವರ್ಷ ಅವನಿಗೆ ಶಿಕ್ಷೆ ಕೊಟ್ಟೆ!

"ಸುಕೇಶ್... ಅಪ್ಪನಿಗೋಸ್ಕರ ನಾನು ಅತ್ತೇ ಇಲ್ಲ ಗೊತ್ತಾ? ಅಳೋಕೆ ಕೂತಾಗೆಲ್ಲ ನಿನ್ನ ನೆನಪಾಗಿ ಸಿಟ್ಟು ಬರ್ತಿತ್ತು. ನೀನು ಹೋಗಿದ್ದಕ್ಕೇ ಅತ್ತೆ. ಪಾಪ, ನಮ್ಮಪ್ಪನ ಪಾಲಿಗೆ ಏನೂ ಉಳೀಲಿಲ್ಲ..."

ಅವನು ಪಕ್ಕದಲ್ಲಿ ಕೂತ. ಬಟ್ಟೆಯೆಲ್ಲ ಹೊಗೆಯ ವಾಸನೆ.

"ನಾನೂ ಅಳ್ಲಿಲ್ಲ. ಅರ್ಜೆಂಟೀನಾದಲ್ಲಿ ನಿನ್ನಪ್ಪನ ಹೆಸರು ಗೊತ್ತಿದ್ದವ್ರೇ ಯಾರೂ ಇರ್ಲಿಲ್ಲ."

ಒಳಗೆ ಗಿಟಾರ್ ಮತ್ತೆ ಶುರುವಾಯಿತು. ಧಾತ್ರಿ ಮೆಲ್ಲನೆ ಅವನ ಕೈ ಹಿಡಿದಳು.

"ನಿನ್ನನ್ನ ಮರೀಬೇಕು ಅಂತ ತುಂಬಾ ಟ್ರೈ ಮಾಡಿದೆ. ಆಗಲಿಲ್ಲ. ಈಗಲೂ ನೀನೇ ಬೇಕು."

"ನಂಗೂ ನೀನೇ. ಮದುವೆ ಮಾತೆಲ್ಲ ಆಮೇಲೆ ನಿನ್ನಮ್ಮನ ಹತ್ರ ಬಂದು ನಾನೇ ಕೇಳ್ತೇನೆ." ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. "ಈಗ ನಿನ್ನಪ್ಪನ ಬಗ್ಗೆ ಹೇಳು. ಆ ದಿನ ಬೆಳಿಗ್ಗೆ ಏನಾಯ್ತು?"

"ಹೇಳಿದ್ರೆ ಅಳ್ತೀನಿ ಕಣೋ."

"ಅಳು. ನಾನೂ ಅಳ್ತೇನೆ."

ಧಾತ್ರಿ ಅವನ ಭುಜಕ್ಕೆ ತಲೆಯಿಟ್ಟಳು.

"ಇನ್ನೊಂದು ಲೋಟ ಕಾಫಿ ಕೇಳಿದ್ರು... ನಾನು ಬೈದೆ, ಸುಕೇಶ್."