ಹತ್ತು ನಿಮಿಷದ ಕತ್ತಲೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಣ್ಣದ ಅಂಗಡಿಯ ಮಾಲೀಕ ತನ್ನ ಕಾವಲುಗಾರನ ರಟ್ಟೆ ಹಿಡಿದುಕೊಂಡೇ ಠಾಣೆಯ ಮೆಟ್ಟಿಲು ಹತ್ತಿದ. ದೂರು ಚಿಕ್ಕದು. ಭಾನುವಾರ ಅಂಗಡಿ ಮುಚ್ಚಿದ್ದಾಗ ಯಾರೋ ಹಿಂದಿನ ಕೋಣೆಗೆ ಹೋಗಿ ಸಿಸಿಟಿವಿ ರೆಕಾರ್ಡರಿನ ಹಾರ್ಡ್ ಡಿಸ್ಕ್ ಕದ್ದಿದ್ದರು.

“ಯಾರೋ ಏನು ಬಂತು ಸಾರ್, ಇವನೇ. ಡ್ಯೂಟಿಲಿ ಗೊರಕೆ ಹೊಡೀತಾನೆ. ಸೋಮವಾರ ರೆಕಾರ್ಡಿಂಗ್ ನೋಡ್ತೀನಿ, ಮಲಗಿದ್ದು ಕಂಡ್ರೆ ಗಂಟುಮೂಟೆ ಕಟ್ಟು ಅಂದಿದ್ದೆ. ಭಾನುವಾರಾನೇ ಡಿಸ್ಕ್ ಮಾಯ!”

ಕಾವಲುಗಾರನಿಗೆ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡೇ ಮನೆ. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು, ಕಳ್ಳನೆಂಬ ಹೆಸರು ಬಂದರೆ ಮತ್ತೊಬ್ಬರು ಕೆಲಸಕ್ಕೆ ಸೇರಿಸುತ್ತಲೂ ಇರಲಿಲ್ಲ.

“ನಾನು ಮುಟ್ಟಿಲ್ಲ ಸಾರ್. ಮಲಗಿದ್ದು ನಿಜ,” ಎಂದ.

ಇನ್‌ಸ್ಪೆಕ್ಟರಿಗೆ ಆ ಎರಡನೆಯ ಮಾತು ಹಿಡಿಸಿತು. ಸುಳ್ಳು ಹೇಳಲು ಬಂದವನು ಎರಡನ್ನೂ ಅಲ್ಲಗಳೆಯುತ್ತಿದ್ದ. ಎಫ್‌ಐಆರ್ ದಾಖಲಿಸಿ, ಒಬ್ಬ ಕಾನ್‌ಸ್ಟೇಬಲನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಈ ಕಾನ್‌ಸ್ಟೇಬಲನಿಗೆ ಠಾಣೆಯಲ್ಲಿ ‘ಪಂಚನಾಮೆ’ ಎಂದೇ ಅಡ್ಡಹೆಸರು. ಮಹಜರು ಬರೆಯಲು ಕೂತರೆ ಮೂಲೆಯ ಜೇಡರಬಲೆಯನ್ನೂ ಬಿಡದ ಆಸಾಮಿ.

“ಬೀಗ ಒಡೆದಿಲ್ಲ,” ಎಂದು ಅವನು ಬರೆಯುತ್ತಲೇ ಗಟ್ಟಿಯಾಗಿ ಓದಿದ. “ದುಬಾರಿ ಬಣ್ಣದ ಡಬ್ಬಗಳು ಹಾಗೇ ಇವೆ. ರೆಕಾರ್ಡರಿನ ಮುಚ್ಚಳ ಭದ್ರವಾಗಿದೆ, ಸ್ಕ್ರೂಗಳು ನಾಲ್ಕು.”

“ನಾಲ್ಕೂ ಇವೆಯಾ?”

“ಇವೆ ಸಾರ್. ಬಿಗಿಯಾಗಿ ಕೂಡಿಸಿದಾರೆ.”

ಕದ್ದವನು ಡಿಸ್ಕ್ ತೆಗೆದು, ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂ ತಿರುಗಿಸಿ ಹೋಗಿದ್ದ. ಓಡಿಹೋಗುವ ಆತುರದಲ್ಲಿ ಅಷ್ಟು ಅಚ್ಚುಕಟ್ಟು ಯಾರಿಗೆ ಬೇಕು? ಕೈಗೆ ಅದೇ ಅಭ್ಯಾಸವಾದವನಿಗೆ ಮಾತ್ರ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

“ಈ ಕೋಣೆಗೆ ಯಾರ್ಯಾರು ಬರ್ತಾರೆ?”

“ನಾನು, ಇವನು, ಕ್ಯಾಮೆರಾ ರಿಪೇರಿಯವರು,” ಎಂದ ಮಾಲೀಕ. “ಅವರು ದೇವರಂಥ ಮನುಷ್ಯ ಸಾರ್. ಹದಿನೈದು ದಿನಕ್ಕೊಮ್ಮೆ ತಾವಾಗೇ ಬಂದು ಸರ್ವಿಸ್ ಮಾಡ್ತಾರೆ. ಪುಕ್ಕಟೆ! ಆದ್ರೂ ಸಂಜೆ ಹೊತ್ತು ಚಿತ್ರ ಕಪ್ಪಾಗೋದು ಮಾತ್ರ ಸರಿಹೋಗ್ಲಿಲ್ಲ. ಅದಕ್ಕೇ ಈ ವಾರ ಹೊಸ ಕಂಪನಿ ಮೆಷಿನ್ ಹಾಕಿಸ್ತಿದೀನಿ.”

“ಹಳೆಯ ರೆಕಾರ್ಡಿಂಗ್ ಏನಾದರೂ ಉಳಿದಿದೆಯಾ?”

ಅಂಗಡಿಯ ಮುಂದೆ ದಿನಾ ಸ್ಕೂಟರ್ ನಿಲ್ಲಿಸುವವನ ಮೇಲೆ ಜಗಳಕ್ಕೆಂದು ಮಾಲೀಕ ಮೂರು ಸಂಜೆಗಳ ತುಣುಕುಗಳನ್ನು ಮೊಬೈಲಿಗೆ ಇಳಿಸಿಕೊಂಡಿದ್ದ. ಇನ್‌ಸ್ಪೆಕ್ಟರ್ ಅವನ್ನು ಠಾಣೆಯಲ್ಲಿ ಕೂತು ನೋಡಿದರು. ನಡೆದುಹೋಗುವವರೆಲ್ಲ ಒದ್ದೆ ಬೆರಳು ತಾಗಿದ ಶಾಯಿಯಂತೆ ಕಲಸಿಹೋಗಿದ್ದರು. ಆರೂ ನಲವತ್ತಕ್ಕೆ ಇದ್ದಕ್ಕಿದ್ದಂತೆ ಚಿತ್ರ ಕಪ್ಪಿಟ್ಟಿತು. ಆದರೆ ಬಸ್ಸಿಳಿದು ಅಂಗಡಿಯ ದೀಪದ ಕೆಳಗೆ ಹಾದುಹೋಗುವವರ ಮುಖಗಳು ಆ ಕಪ್ಪಿನಲ್ಲೇ ಕೆತ್ತಿದ ಹಾಗೆ ಸ್ಪಷ್ಟ. ಹತ್ತು ನಿಮಿಷ ಕಳೆದ ಮೇಲೆ ಮತ್ತೆ ಬೆಳಕು, ಮತ್ತೆ ಕಲಸು. ಮೂರು ಸಂಜೆಯೂ ಹೀಗೇ.

ಮಧ್ಯಾಹ್ನ ರಿಪೇರಿಯವನನ್ನು ಕರೆಸಿದರು. ಐವತ್ತೈದು ದಾಟಿದ, ಮೆಲುಮಾತಿನ ಮನುಷ್ಯ. ಮೊದಲು ಮದುವೆಗಳ ವಿಡಿಯೋ ತೆಗೆಯುತ್ತಿದ್ದನಂತೆ.

“ಇದು ಯಾಕೆ ಹೀಗೆ ಬರುತ್ತೆ?”

“ಶಟರ್ ಸ್ಪೀಡ್ ಸಾರ್,” ಎಂದ ಅವನು. ಮಾತು ಶುರುವಾದದ್ದೇ ಅವನ ಮುಖಕ್ಕೆ ಕಳೆ ಬಂತು. “ಬೆಳಕು ಕಡಿಮೆ ಇದ್ರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ಬಿಡ್ಬೇಕು. ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು ಅನ್ಕೊಳ್ಳಿ. ಬಿರಬಿರನೆ ನಡೆಯೋರು ಅಷ್ಟರಲ್ಲೇ ನಾಲ್ಕು ಬೆರಳು ಮುಂದೆ ಹೋಗಿರ್ತಾರೆ. ಮೂಗಿದ್ದ ಕಡೆ ಕಿವಿ ಬಂದಿರುತ್ತೆ. ಐನೂರರಲ್ಲಿ ಒಂದು ಪಾಲಿಗೆ ಇಳಿಸಿದ್ರೆ ಅಕ್ಕಿಕಾಳಿನಷ್ಟೂ ಜರುಗಲ್ಲ, ಮುಖ ನಿಲ್ಲುತ್ತೆ. ಆದ್ರೆ ಬೆಳಕು ಸಾಲದೆ ಕಪ್ಪಾಗುತ್ತೆ.”

“ಅದು ತಾನಾಗೇ ದಿನಾ ಹತ್ತೇ ನಿಮಿಷ ಬದಲಾಗುತ್ತಾ?”

ಅವನ ಮುಖದ ಕಳೆ ಇಳಿಯಿತು.

“ಪಾಸ್‌ವರ್ಡ್ ಯಾರ ಹತ್ತಿರ ಇದೆ?”

“ಮಾಲೀಕರ ಹತ್ತಿರ. ನನ್ನ ಹತ್ತಿರ.”

“ಕಳ್ಳನಾದವನು ಮುಖ ಕಲಸಿಹೋಗಲಿ ಅಂತ ಬಯಸ್ತಾನೆ. ಇಲ್ಲಿ ಯಾರಿಗೋ ಮುಖ ಕಾಣಬೇಕಿತ್ತು.” ಇನ್‌ಸ್ಪೆಕ್ಟರ್ ಮೊಬೈಲನ್ನು ಅವನತ್ತ ತಿರುಗಿಸಿದರು. “ಮೂರು ದಿನವೂ ಆ ಹೊತ್ತಿಗೆ ಹಾದುಹೋಗೋಳು ಈ ಹೆಣ್ಣುಮಗಳೊಬ್ಬಳೇ. ಯಾರಿವಳು? ಯಾಕೆ ಬೆನ್ನು ಬಿದ್ದಿದೀಯ?”

ದನಿ ಬಿಗಿಯಾಗಿತ್ತು. ಇಂಥ ಪ್ರಕರಣಗಳನ್ನು ಅವರು ಬೇಕಾದಷ್ಟು ನೋಡಿದ್ದರು, ಮೈಯುರಿಯುತ್ತಿತ್ತು.

“ಮಗಳು ಸಾರ್.”

ಪಂಚನಾಮೆಯ ಪೆನ್ನು ನಿಂತಿತು.

“ಅವಳಮ್ಮ ಆಸ್ಪತ್ರೇಲಿದ್ದಾಗ ನಾನು ಯಾರದೋ ಮದುವೆ ತೆಗೀತಿದ್ದೆ. ಸದ್ದಾಗಬಾರದು ಅಂತ ಫೋನ್ ಆಫ್ ಮಾಡಿದ್ದೆ. ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆರು ವರ್ಷ ಆಯ್ತು, ಮಾತಿಲ್ಲ. ಮನೆ ಬಾಗಿಲಿಗೆ ಹೋದ್ರೆ ತೆಗೆಯಲ್ಲ. ಈ ಕ್ಯಾಮೆರಾ ಹಾಕಿದ ಹೊಸದರಲ್ಲಿ ಟೆಸ್ಟ್ ಮಾಡ್ತಿದ್ದಾಗ ಒಂದು ನೆರಳು ಸರ್ರನೆ ಹೋಯ್ತು. ಮುಖ ಕಾಣಲಿಲ್ಲ. ನಡಿಗೆ ನೋಡಿ ಗುರುತು ಹಿಡಿದೆ. ಅವಳು ಬಸ್ಸಿಳಿಯೋ ಹತ್ತು ನಿಮಿಷಕ್ಕೆ ಶಟರ್ ಬದಲಾಗೋ ಹಾಗೆ ಇಟ್ಟೆ, ಸರ್ವಿಸ್ ನೆಪದಲ್ಲಿ ಬಂದು ನೋಡ್ತಿದ್ದೆ.”

“ಡಿಸ್ಕ್ ಯಾಕೆ?”

“ಹೊಸ ಮೆಷಿನ್ ಬಂದ್ರೆ ನನಗೆ ಆ ಕೋಣೇಲಿ ಕೆಲಸ ಇಲ್ಲ. ವೈರಿಂಗ್ ಮಾಡೋವಾಗ ಕೊಟ್ಟ ಕೀ ನನ್ನ ಹತ್ರಾನೇ ಉಳಿದಿತ್ತು. ಭಾನುವಾರ ಕಾವಲುಗಾರ ಊಟಕ್ಕೆ ಹೋಗಿದ್ದ.”

“ಆ ಬಡಪಾಯಿ ಇವತ್ತು ಜೈಲಿಗೆ ಹೋಗ್ತಿದ್ದ. ಆಗಲೂ ಬಾಯಿ ಬಿಡ್ತಿರಲಿಲ್ಲವಾ?”

ಅವನು ತಲೆ ತಗ್ಗಿಸಿದ.

ಸಂಜೆ ಐದಕ್ಕೆ ಅವನ ಮನೆಯಲ್ಲಿ ಡಿಸ್ಕ್ ಜಪ್ತಿಯಾಯಿತು. ಪಂಚನಾಮೆ ಎಂದಿನಂತೆ ಕೋಣೆಯನ್ನೆಲ್ಲ ಬರೆದುಕೊಂಡ: ಕುರ್ಚಿ ಒಂದು, ತಟ್ಟೆ ಒಂದು, ಲೋಟ ಒಂದು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡುತ್ತ ನಿಂತರು. ಹೆಂಡತಿ ತೀರಿಕೊಂಡ ಮೇಲೆ ತಮ್ಮ ಕ್ವಾರ್ಟರ್ಸಿನಲ್ಲೂ ಇದಕ್ಕಿಂತ ಹೆಚ್ಚೇನೂ ಬಳಕೆಯಲ್ಲಿರಲಿಲ್ಲ. ಮನುಷ್ಯರ ದನಿ ಕೇಳಲೆಂದು ಟಿವಿ ಹಾಕಿಟ್ಟು ಮಲಗುವುದು ಅವರಿಗೆ ಅಭ್ಯಾಸವಾಗಿತ್ತು.

ಠಾಣೆಗೆ ಮರಳಿ ಕಾವಲುಗಾರನನ್ನು ಬಿಟ್ಟು ಕಳಿಸಿದರು. ಅವನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಾಗಿ ಮಾಲೀಕ ಗೊಣಗುತ್ತಲೇ ಒಪ್ಪಿದ. ಬಂಧನದ ಮೆಮೊ ಬರೆಯುವಾಗ ಇನ್‌ಸ್ಪೆಕ್ಟರ್ ಕೇಳಿದರು, “ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕು. ಯಾರಿಗೆ ತಿಳಿಸಲಿ?”

“ಯಾರೂ ಇಲ್ಲ ಸಾರ್.”

“ಮಗಳಿದ್ದಾಳಲ್ಲ.”

“ಬೇಡ ಸಾರ್, ನಿಮ್ಮ ದಮ್ಮಯ್ಯ. ಗೊತ್ತಾದ್ರೆ ಆ ದಾರಿ ಬಿಟ್ಟು ಬೇರೆ ದಾರಿ ಹಿಡೀತಾಳೆ.” ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದ, “ಅವಳಿಗೆ ಕನ್ನಡಕ ಬಂದಿದೆ ಸಾರ್. ಯಾವಾಗ ಬಂತೋ ಏನೋ.”

ನಿಯಮ ನಿಯಮವೇ. ಇನ್‌ಸ್ಪೆಕ್ಟರ್ ಒಳಗಿನ ಕೋಣೆಗೆ ಹೋಗಿ, ಅವನ ಮೊಬೈಲಿನಲ್ಲಿದ್ದ ಮಗಳ ನಂಬರಿಗೆ ಫೋನ್ ಮಾಡಿದರು. ನಡೆದದ್ದನ್ನೆಲ್ಲ ಹೇಳಿದರು, ಕೊನೆಗೆ ಕನ್ನಡಕದ ಮಾತನ್ನೂ. ಮಗಳು ಒಂದೇ ಪ್ರಶ್ನೆ ಕೇಳಿದಳು.

“ಎಷ್ಟು ದಿನದಿಂದ ನೋಡ್ತಿದ್ರು?”

“ಎಂಟು ತಿಂಗಳಾಯ್ತಂತಮ್ಮ.”

“ನಾನು ಬರೋದಿಲ್ಲ,” ಎಂದಳು. ಆಮೇಲೆ, “ಕನ್ನಡಕ ಬಂದು ಮೂರು ವರ್ಷ ಆಯ್ತು ಅಂತ ಹೇಳಿ ಅವರಿಗೆ,” ಎಂದು ಫೋನ್ ಇಟ್ಟಳು.

ಇನ್‌ಸ್ಪೆಕ್ಟರ್ ಲಾಕಪ್ಪಿನ ಮುಂದೆ ಹೋಗಿ, ಅವಳು ಹೇಳಿದ್ದನ್ನು ಹೇಳಿದ ಹಾಗೇ ತಿಳಿಸಿದರು. ಮೊದಲ ಮಾತು ಅವನಿಗೆ ಕೇಳಿಸಿದಂತೆಯೇ ಇರಲಿಲ್ಲ. ಅವನು ಎದ್ದು ಬಂದು ಸರಳು ಹಿಡಿದುಕೊಂಡ.

“ಅವಳೇ ಹೇಳಿದ್ಲಾ ಸಾರ್? ನನಗೇ ಹೇಳಿ ಅಂದ್ಲಾ?”

“ಹೌದು. ನಿನಗೇ ಹೇಳಿ ಅಂದಳು.”