ಕೆಂಚಿಯ ಎರಡನೆಯ ಅಂಕ

ಗೋಡೆಯ ಪರದೆಯ ಮೇಲೆ ಮೂವತ್ತೆಂಟು ಎಂಬ ಅಂಕ ಮೂಡಿ ನಿಂತಿತು. ಕೆಂಚಿ ಎಂಬ ಹೆಣ್ಣು ಮಂಗದ ಹಣೆಬರಹ ಅಲ್ಲಿಗೆ ಮುಗಿದಂತಾಯಿತು.

೨೦೬೧ನೆಯ ಇಸವಿ. ಧಾರವಾಡದ ಹೊರವಲಯದ ಪ್ರಯೋಗಾಲಯದಲ್ಲಿ ಡಾ. ಸುಲೋಚನಾ ಹಂಚಿನಾಳ ನಿರ್ಮಿಸಿದ ಪರಚಿಂತನ ಮಾಪಕ, ಛಾವಣಿಯಲ್ಲಿದ್ದುಕೊಂಡೇ ಕೆಳಗಿನವರ ಮಿದುಳನ್ನು ಓದುತ್ತಿತ್ತು. ಎದುರಿನ ಜೀವಿಯ ಹಸಿವೋ ನೋವೋ ನಮ್ಮನ್ನು ತಟ್ಟಿದಾಗ ಮಿದುಳಿನ ಕೆಲವು ನರಕೋಶಗಳು ಒಟ್ಟಿಗೆ ಮಿಡಿಯುತ್ತವೆ. ಆ ಮಿಡಿತದ ಅಳತೆಯೇ ಅಂಕ. ಚಿಂಪಾಂಜಿಗೆ ಅರವತ್ತನಾಲ್ಕು. ಅಳಿದುಹೋದ ನಿಯಾಂಡರ್ತಲ್ ಮಾನವನಿಗೆ, ಎಲುಬಿನಲ್ಲಿ ಸಿಕ್ಕ ವಂಶವಾಹಿಗಳಿಂದ ಲೆಕ್ಕ ಹಾಕಿದರೆ, ತೊಂಬತ್ತೊಂದು. ಮನುಷ್ಯನಿಗೆ ನೂರಕ್ಕೆ ನೂರು. ಅಳೆಯುವ ಕೋಲು ನಮ್ಮ ಕೈಯಲ್ಲೇ ಇದ್ದಾಗ ನಾವು ಗಿಡ್ಡರಾಗುವುದುಂಟೆ? ಪರೀಕ್ಷೆ ನಡೆಯುತ್ತಿದೆಯೆಂದು ತಿಳಿದೇ ಕುಳಿತ ಮುನ್ನೂರು ಮಂದಿಯಿಂದ ಆ ನೂರು ಬಂದಿತ್ತು.

ಅರವತ್ತು ದಾಟದ ಪ್ರಾಣಿಯನ್ನು ಔಷಧ ಪ್ರಯೋಗಕ್ಕೆ ಕೊಡಬಹುದೆಂದು ಕಾನೂನು. ಸೋಮವಾರ ಕೆಂಚಿಯನ್ನು ಒಯ್ಯಲು ಗಾಡಿ ಬರಲಿತ್ತು.

"ಪರದೆ ಮ್ಯಾಲೆ ಯಾವುದೋ ಮಂಗ್ಯಾನ ಚಿತ್ರ ತೋರಿಸಿದ್ರ ಆಕಿಗೇನ್ ತಿಳೀತದ್ರಿ ಮೇಡಂ?" ಹನ್ನೆರಡು ವರ್ಷ ಕೆಂಚಿಯನ್ನು ಸಾಕಿದ ಫಕ್ಕೀರವ್ವ ಕೇಳಿದಳು. "ನಾ ಬುತ್ತಿ ಬಿಚ್ಚೂತನಕ ಆಕಿ ಶೇಂಗಾ ಮುಟ್ಟಾಂಗಿಲ್ಲ."

"ಎಲ್ಲಾ ಪ್ರಾಣಿಗೂ ಅದ ಪರೀಕ್ಷೆ ಫಕ್ಕೀರವ್ವ. ಯಂತ್ರ ಯಾರ ಮಾರೀನೂ ನೋಡಾಂಗಿಲ್ಲ," ಎಂದು ಸುಲೋಚನಾ ಊಟಕ್ಕೆ ಹೋದರು. ಮಾಪಕವನ್ನು ಆರಿಸುವುದು ಮರೆತುಹೋಗಿತ್ತು.

ಅವರು ಕೈ ಒರೆಸುತ್ತ ಮರಳಿದಾಗ ಫಕ್ಕೀರವ್ವ ಪಂಜರದ ಮುಂದೆ ಕುಳಿತಿದ್ದಳು.

"ಊಟ ಆತೇನ ಫಕ್ಕೀರವ್ವ?"

"ಆತ್ರಿ."

ನಾವು ನೀವು ದಿನಕ್ಕೆ ಹತ್ತು ಸಲ ಆಡುವ ಮಾತು. ಸುಲೋಚನಾ ನಿಲ್ಲದೆ ಮುಂದೆ ನಡೆದು, ಪರದೆ ನೋಡಿ ನಿಂತರು. ಅಲ್ಲಿ ಆಗಷ್ಟೇ, ಫಕ್ಕೀರವ್ವನ ಎದುರಿಗಿದ್ದ ಇಬ್ಬರ ಅಂಕ ಮೂಡಿದ್ದವು. ಹಂಚಿನಾಳ, ಒಂಬತ್ತು. ಕೆಂಚಿ, ಎಂಬತ್ತಮೂರು.

ತಿರುಗಿ ನೋಡಿದರೆ, ಬುತ್ತಿಯ ಗಂಟು ಬಿಚ್ಚಿರಲೇ ಇಲ್ಲ. ಕೆಂಚಿ ಸರಳುಗಳ ನಡುವಿನಿಂದ ಕೈ ಚಾಚಿ, ಫಕ್ಕೀರವ್ವನ ಮಡಿಲಿಗೆ ಒಂದೊಂದೇ ಶೇಂಗಾ ಹಾಕುತ್ತಿತ್ತು. ಸುಲೋಚನಾಗೆ ನಾಚಿಕೆಯಾಯಿತು.

ಸುಲೋಚನಾ ವಿಷಯ ತಿಳಿಸಿದಾಗ, ಅಂಕಗಳನ್ನು ಒಪ್ಪುವ ಸಮಿತಿಯವರು ಫೋನಿನಲ್ಲಿ ನಯವಾಗಿಯೇ ಹೇಳಿದರು. ಎರಡು ಅಂಕಗಳೂ ಒಂದೇ ಹೊತ್ತಿನವು. ಇಟ್ಟರೆ ಎರಡನ್ನೂ ಇಡಬೇಕು, ಅಳಿಸಿದರೆ ಎರಡನ್ನೂ ಅಳಿಸಬೇಕು. ಒಂಬತ್ತು ಉಳಿದರೆ ಮನುಷ್ಯನ ನೂರೂ ಉಳಿಯುವುದಿಲ್ಲ, ಸುಲೋಚನಾರ ಇಪ್ಪತ್ತು ವರ್ಷಗಳ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ.

ಸುಲೋಚನಾ ತಮ್ಮ ಹೆಸರಿನ ಸಮೇತ ಎರಡನ್ನೂ ಕಳುಹಿಸಿದರು. ಸೋಮವಾರ ಗಾಡಿ ಬರಲಿಲ್ಲ. ಮಾಪಕಕ್ಕೆ ಬೀಗ ಬಿತ್ತು.

ಮಂಗಳವಾರ ಮಧ್ಯಾಹ್ನ ಅವರು ಮತ್ತೆ ಅದೇ ದಾರಿಯಲ್ಲಿ ಬಂದರು.

"ಊಟ ಆತೇನ ಫಕ್ಕೀರವ್ವ?"

"ಆತ್ರಿ."

ಈ ಸಲ ಅವರು ಮುಂದೆ ಹೋಗಲಿಲ್ಲ. "ಏನ್ ಉಂಡಿ?" ಎಂದು ಕೇಳಿದರು.

ಹನ್ನೆರಡು ವರ್ಷಗಳಲ್ಲಿ ಆ ಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಫಕ್ಕೀರವ್ವ ಪಕ್ಕದಲ್ಲಿದ್ದ ಬುತ್ತಿಯ ಗಂಟನ್ನು ಅವರ ಮುಂದೆ ಸರಿಸಿ ಬಿಚ್ಚಿದಳು.