ಟರ್ಬೋ ಮಾಮ ಊದಿದರೂ ಏಳದವಳು

"ಹಾಗಲ್ಲ ಕಣಮ್ಮ. ಅಳ್ತಾ ಅಳ್ತಾ ಏಳ್ಬೇಕು. ನೋಡೋ ಜನ ಕರ್ಚೀಫ್ ತೆಗೀಬೇಕು," ಎಂದರು ಡ್ರಾಮಾ ಮಿಸ್.

"ಎದ್ದು ನಿಲ್ಲೋಕೆ ಅಳು ಯಾಕೆ ಮಿಸ್? ದಿನಾ ಬೆಳಿಗ್ಗೆ ಸಿಂಕ್ ಹಿಡ್ಕೊಂಡು ನಿಂತೇ ಹಲ್ಲುಜ್ತೀನಿ. ನಮ್ಮನೇಲಿ ಯಾರೂ ಅಳಲ್ಲ."

ಶಾಲೆಯ ಹಾಲ್‌ನಲ್ಲಿ ರಿಹರ್ಸಲ್‌ಗೆ ಸೇರಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಮಿಸ್ ನಗಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಸುರುಳಿ ಸುತ್ತಿ, "ಇನ್ನೊಂದ್ಸಲ," ಎಂದರು.

ಈ ಹುಡುಗಿಯನ್ನು ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಕರೆಯುವುದು ಸಿಡುಕಿ ಎಂದೇ. ಓದುವುದು ಐದನೇ ಕ್ಲಾಸು. ಓಡಾಡುವುದು ವೀಲ್‌ಚೇರಿನಲ್ಲಿ. ಸಿಡುಕಿ ಅದನ್ನು ಗಾಡಿ ಎನ್ನುತ್ತಾಳೆ. ಹಾಗಂತ ಅವಳಿಗೆ ನಿಲ್ಲಲು ಬರುವುದೇ ಇಲ್ಲವೆಂದಲ್ಲ. ಏನನ್ನಾದರೂ ಹಿಡಿದುಕೊಂಡರೆ ಇಪ್ಪತ್ತು ಎಣಿಸುವಷ್ಟು ಹೊತ್ತು ನಿಲ್ಲುತ್ತಾಳೆ, ನಾಲ್ಕು ಹೆಜ್ಜೆ ಇಡುತ್ತಾಳೆ. ಐದನೆಯದಕ್ಕೆ ಕಾಲು ಮಡಚಿಕೊಂಡುಬಿಡುತ್ತದೆ. ಎರಡನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುವ ವಿಷಯ ಇದು. ದೊಡ್ಡವರ ತಲೆಗೆ ಮಾತ್ರ ಇಳಿಯುವುದಿಲ್ಲ. ಅವರ ಪ್ರಕಾರ ಗಾಡಿಯಲ್ಲಿ ಕೂತವರು ಒಂದೋ ಅಲ್ಲಾಡದೆ ಕೂತಿರಬೇಕು, ಇಲ್ಲವೇ ಎದ್ದು ಓಡಬೇಕು.

ಸ್ಕೂಲ್ ಡೇ ನಾಟಕಕ್ಕೆ ಮಿಸ್ ಆರಿಸಿದ್ದು ಟಿ.ವಿ.ಯಲ್ಲಿ ಬರುವ ಟರ್ಬೋ ಮಾಮನ ಕತೆ. ಕೆಂಪು ಹೊದಿಕೆ, ಬೆಳ್ಳಿ ಬಣ್ಣದ ಬೂಟು, ಎದೆಯ ಮೇಲೆ ಗಿರಗಿರ ತಿರುಗುವ ಫ್ಯಾನು. ಮಾಮ ಅಂಗೈ ಮೇಲೆ ಉಫ್ ಎಂದು ಊದಿದರೆ ಮುಗಿಯಿತು. ಒಂದು ವಾರ ಕಣ್ಣು ಕಾಣದ ತಾತನಿಗೆ ಕಣ್ಣು ಬರುತ್ತದೆ, ಮುಂದಿನ ವಾರ ಮಾತು ಬಾರದ ಹುಡುಗ ಹಾಡು ಹೇಳುತ್ತಾನೆ. ವಾಸಿಯಾಗದೆ ಕುಂಟುತ್ತಲೇ ಇರುವವನು ಯಾವನಾದರೂ ಇದ್ದರೆ, ಅವನು ಕಳ್ಳರ ಬಾಸ್ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು.

ವೀಲ್‌ಚೇರಿನ ಹುಡುಗಿಯೂ ಒಂದು ಎಪಿಸೋಡಿನಲ್ಲಿ ಬಂದಿದ್ದಳು. ಅವಳು ಅಂಗಡಿಗೆ ಹೋಗಿ ಪೆನ್ನಿನ ರೀಫಿಲ್ ಕೊಂಡದ್ದಾಗಲಿ, ರಿಮೋಟಿಗಾಗಿ ತಮ್ಮನ ಜೊತೆ ಕಿತ್ತಾಡಿದ್ದಾಗಲಿ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಪಕ್ಕ ಕೂತು ಹಕ್ಕಿ ನೋಡುವುದೊಂದೇ ಕೆಲಸ.

"ಇವಳಿಗೆ ಹೋಂವರ್ಕ್ ಇರಲ್ವಾ?" ಎಂದು ಸಿಡುಕಿ ಟಿ.ವಿ. ಮುಂದೆ ಮೂಗು ಮುರಿದಿದ್ದಳು. ಆದರೂ ಟರ್ಬೋ ಮಾಮನನ್ನು ಅವಳು ಒಂದು ವಾರವೂ ತಪ್ಪಿಸುವುದಿಲ್ಲ, ಅದು ಬೇರೆ ಮಾತು.

ಈಗ ಆ ಹಕ್ಕಿ ನೋಡುವ ಹುಡುಗಿಯ ಪಾರ್ಟೇ ಅವಳ ತಲೆಗೆ ಬಂದಿತ್ತು. ಕಡೆಯ ಸೀನಿನಲ್ಲಿ ಟರ್ಬೋ ಮಾಮ ರಾಕ್ಷಸಿಯನ್ನು ಕೊಲ್ಲುತ್ತಾನೆ, ಆಮೇಲೆ ಹುಡುಗಿಯ ಕಡೆ ತಿರುಗಿ ಊದುತ್ತಾನೆ, ಹುಡುಗಿ ಎದ್ದು ನಡೆಯುತ್ತಾಳೆ, ಪರದೆ.

"ಮಿಸ್, ನಾನು ರಾಕ್ಷಸಿ ಆಗ್ತೀನಿ," ಎಂದು ಸಿಡುಕಿ ಮೊದಲ ದಿನವೇ ಕೇಳಿದ್ದಳು. "ಗಾಡೀಲಿ ಬರೋ ರಾಕ್ಷಸಿ. ಸ್ಪೀಡಾಗಿ ಬಂದು ಎಲ್ರಿಗೂ ಗುದ್ದಿ ಬೀಳಿಸ್ತೀನಿ."

"ರಾಕ್ಷಸಿಗೆ ಏಣಿ ಇದ್ದಾಳಲ್ಲ," ಎಂದು ಮಿಸ್ ನಕ್ಕಿದ್ದರು. "ನೀನು ಮುದ್ದುಮುದ್ದಾಗಿದೀಯ. ಜನಕ್ಕೆ ಪಾಪ ಅನ್ನಿಸ್ಬೇಕು."

ಏಣಿ ಎಂದರೆ ಸಿಡುಕಿಯ ಪಕ್ಕ ಕೂರುವ ಹುಡುಗಿ. ಕ್ಲಾಸಿಗೇ ಉದ್ದ, ಕ್ಲಾಸಿಗೇ ಕಪ್ಪು. ಎರಡನೇ ಕ್ಲಾಸಿನಿಂದ ಪ್ರತಿ ವರ್ಷವೂ ಅವಳೇ ರಾಕ್ಷಸಿ. ಕತೆ ಬದಲಾಗುತ್ತದೆ, ರಟ್ಟಿನ ಕೊಂಬು ಬದಲಾಗುತ್ತದೆ, ಏಣಿ ಬದಲಾಗುವುದಿಲ್ಲ.

ಸಿಡುಕಿಗೆ ಹೊಟ್ಟೆ ಉರಿದುಹೋಯಿತು. "ನಿನಗೇನಮ್ಮ, ಪುಣ್ಯವಂತೆ," ಎಂದಳು. "ಹೇಳಿ ಮಾಡ್ಸಿದ ಪಾರ್ಟು. ಮೇಕಪ್ಪೂ ಬೇಡ."

ಎಲ್ಲರೂ ಘೊಳ್ಳೆಂದು ನಕ್ಕರು. ಏಣಿ ಕೊಂಬಿನ ದಾರವನ್ನು ಗಲ್ಲದ ಕೆಳಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು. ಮೊದಲೇ ಮಾತು ಕಡಿಮೆ, ಹಾಗಾಗಿ ಸಿಡುಕಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹಕ್ಕಿ ಹುಡುಗಿಯಾದರೆ ಅದೇ ಸರಿ ಎಂದು ಸಿಡುಕಿ ಒಪ್ಪಿಕೊಂಡದ್ದಕ್ಕೆ ಕಾರಣವಿತ್ತು. ನಾಲ್ಕು ವರ್ಷ ಅವಳನ್ನು ವೇದಿಕೆಯ ಮೂಲೆಯಲ್ಲಿ ಹೂಗುಚ್ಛ ಕೊಟ್ಟು ಕೂರಿಸಿದ್ದರು. ಈ ಸಲ ಬಾಯಿ ತೆರೆಯುವ ಪಾರ್ಟು ಸಿಕ್ಕಿತ್ತು. ಆಸೆ ಅವಳಿಗೂ ಇರುತ್ತದಲ್ಲ.

"ರೆಡಿ. ಟರ್ಬೋ ಮಾಮ, ಊದು," ಎಂದರು ಮಿಸ್.

ಟರ್ಬೋ ಮಾಮ ಆರನೇ ಕ್ಲಾಸಿನ ಹುಡುಗ. ಗಾಳಿಗಿಂತ ಎಂಜಲನ್ನೇ ಜಾಸ್ತಿ ಊದುತ್ತಾನೆ. ಸಿಡುಕಿ ಮುಖ ಒರೆಸಿಕೊಂಡು, ಪಕ್ಕದ ಮೇಜು ಹಿಡಿದು ಎದ್ದಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ನಿಂತಳು.

ಮಿಸ್ ಕಣ್ಣು ಒರೆಸಿಕೊಂಡರು. ಬಾಗಿಲ ಹತ್ತಿರ ಯಾರೋ ಚಪ್ಪಾಳೆ ತಟ್ಟಿದರು. ನೋಡಿದರೆ ಆಫೀಸ್ ಸರ್. ಶಾಲೆಯ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲಿ ಗೊಂಚಲಾಗಿ ನೇತಾಡುತ್ತವೆ. ಅವರು ಬರುವ ಮೊದಲೇ ಅವರ ಸದ್ದು ಬರುತ್ತದೆ.

"ಶಭಾಷ್," ಎಂದರು ಆಫೀಸ್ ಸರ್. ಸಿಡುಕಿಗೆ ಒಂದು ನಿಮಿಷ ಹೆಮ್ಮೆಯೇ ಆಯಿತು.

ಮರುದಿನ ಬೆಳಿಗ್ಗೆ ಲಿಫ್ಟಿನ ಮುಂದೆ ಆಫೀಸ್ ಸರ್ ಕೈ ಚಾಚಿಕೊಂಡು ನಿಂತಿದ್ದರು.

"ಲಿಫ್ಟ್ ಕೀ ಕೊಡಮ್ಮ."

"ಯಾಕೆ ಸರ್?"

"ನಿನ್ನೆ ನಾನೇ ಕಣ್ಣಾರೆ ನೋಡಿದ್ನಲ್ಲ. ಎಷ್ಟು ಚೆನ್ನಾಗಿ ನಡೆದೆ. ಇನ್ನು ಮೆಟ್ಲು ಯಾವ ಲೆಕ್ಕ?"

"ಅದು ನಾಟಕ ಸರ್. ಅದೂ ನಾಲ್ಕೇ ಹೆಜ್ಜೆ. ಐದಕ್ಕೆ ಬಿದ್ದೋಗ್ತೀನಿ."

"ನಾಲ್ಕು ಬಂದ್ರೆ ನಲವತ್ತೂ ಬರುತ್ತೆ. ಪ್ರಾಕ್ಟೀಸ್ ಮಾಡ್ಬೇಕು. ಈ ವಯಸ್ಸಲ್ಲಿ ಮೈಗಳ್ಳತನ ಕಲೀಬಾರ್ದು." ಅವರು ಅವಳ ಕುತ್ತಿಗೆಯ ದಾರದಿಂದ ಕೀ ಬಿಚ್ಚಿಕೊಂಡು ಗೊಂಚಲಿಗೆ ಸೇರಿಸಿದರು, ತಲೆ ಸವರಿದರು, ಹೋದರು.

ಅವರ ಮುಖದಲ್ಲಿ ಒಂದಿಷ್ಟೂ ಕೆಟ್ಟತನವಿರಲಿಲ್ಲ. ಉಪಕಾರ ಮಾಡಿದ ಸಂತೋಷವಿತ್ತು. ಸಿಡುಕಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಆ ಕೀ ಸುಮ್ಮನೆ ಬಂದದ್ದಲ್ಲ. ಲಿಫ್ಟಿನ ಮೇಲೆ 'ಶಿಕ್ಷಕರಿಗೆ ಮಾತ್ರ' ಎಂದು ಬೋರ್ಡಿದೆ. ಹೋದ ವರ್ಷ ಅಮ್ಮ ರಜೆಯ ಮೇಲೆ ರಜೆ ಹಾಕಿ, ಆಫೀಸಿನ ಬಾಗಿಲು ಸವೆಯುವಷ್ಟು ಸಲ ಬಂದು, ಡಾಕ್ಟರ ಚೀಟಿ ಕೊಟ್ಟು, ಮೂರು ತಿಂಗಳು ಜಗಳವಾಡಿ ಪಡೆದ ಕೀ ಅದು. ಅಮ್ಮ ಬಸ್ ಕಂಡಕ್ಟರ್. ದಿನಕ್ಕೆ ಸಾವಿರ ಜನರ ಬಾಯಿಗೆ ಉತ್ತರ ಕೊಡುವುದೇ ಅವಳ ಉದ್ಯೋಗ. ಸಿಡುಕಿಗೆ ನಾಲಿಗೆ ಬಂದದ್ದು ಎಲ್ಲಿಂದ ಎಂದು ಯಾರೂ ಕೇಳಬೇಕಾಗಿಲ್ಲ.

ಐದನೇ ಕ್ಲಾಸು ಇರುವುದು ಮೇಲಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಅಂದಿನಿಂದ ಹತ್ತನೇ ಕ್ಲಾಸಿನ ಇಬ್ಬರು ಹುಡುಗರು ಗಾಡಿ ಸಮೇತ ಅವಳನ್ನು ಬೀರು ಸಾಗಿಸುವ ಹಾಗೆ ಹೊತ್ತು ಹಾಕತೊಡಗಿದರು. ಒಬ್ಬ "ಆ ಕಡೆ ಎತ್ತೋ" ಎಂದರೆ ಇನ್ನೊಬ್ಬ "ನೀನ್ ಎತ್ತೋ" ಎನ್ನುತ್ತಿದ್ದ. ತಿರುವಿನಲ್ಲಿ ಗಾಡಿ ವಾಲಿದಾಗಲೆಲ್ಲ ಸಿಡುಕಿಗೆ ಜೀವ ಬಾಯಿಗೆ ಬರುತ್ತಿತ್ತು.

ಒಮ್ಮೆ ಮೇಲೆ ಹೋದರೆ ಸಂಜೆಯವರೆಗೆ ಇಳಿಯುವಂತಿರಲಿಲ್ಲ. ಅವಳಿಗೆ ಆಗುವ ಟಾಯ್ಲೆಟ್ ಕೆಳಗಿತ್ತು. ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಒಣಗಿ, ತಲೆ ಸಿಡಿಯುತ್ತಿತ್ತು.

"ಮಿಸ್, ನಾಟಕದಿಂದಲೇ ನನ್ನ ಕೀ ಹೋಯ್ತು," ಎಂದು ಡ್ರಾಮಾ ಮಿಸ್‌ಗೆ ಹೇಳಿದಳು.

"ಆಮೇಲೆ ಮಾತಾಡೋಣ ಕಣಮ್ಮ. ಮೊದ್ಲು ಪ್ರೋಗ್ರಾಂ ಮುಗೀಲಿ. ಟೆನ್ಶನ್ ತಗೋಬೇಡ, ಮುಖ ಬಾಡುತ್ತೆ."

ಮುಖ ಬಾಡುತ್ತದಂತೆ. ಸಿಡುಕಿ ಗಾಡಿ ತಿರುಗಿಸಿಕೊಂಡು ಬಂದುಬಿಟ್ಟಳು.

ಎರಡನೆಯ ದಿನವೇ ಅಮ್ಮನಿಗೆ ಗೊತ್ತಾಯಿತು. ತುಂಬಿದ ನೀರಿನ ಬಾಟಲಿ ಹಾಗೆಯೇ ಮನೆಗೆ ಬಂದಿತ್ತು. ವಿಷಯ ಕೇಳಿದ ಅಮ್ಮ ಯೂನಿಫಾರ್ಮನ್ನೂ ಬದಲಿಸದೆ ಚಪ್ಪಲಿ ಮೆಟ್ಟಿಕೊಂಡಳು. "ಎಲ್ಲಿದೆ ಆ ಮನುಷ್ಯನ ಮನೆ? ಈಗಲೇ ಹೋಗಿ ಸೊಕ್ಕು ಇಳಿಸಿ ಬರ್ತೀನಿ."

"ಬೇಡಮ್ಮ. ನೀನು ಮತ್ತೆ ರಜೆ ಹಾಕೋದು, ಅವ್ರು ಮತ್ತೆ ಚೀಟಿ ಕೇಳೋದು."

"ಮತ್ತೇನೇ ಮಾಡ್ತೀಯ?"

"ನೀನು ನಾಡಿದ್ದು ಸ್ಕೂಲ್ ಡೇಗೆ ಬಾ. ಹಿಂದೆ ಕೂತ್ಕೋ. ಸಾಕು."

ಏನು ಮಾಡುವುದೆಂದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಒಂದಂತೂ ಖಚಿತವಿತ್ತು. ರಿಹರ್ಸಲ್‌ನಲ್ಲಿ ಒಬ್ಬರು ನೋಡಿದ್ದಕ್ಕೇ ಕೀ ಹೋಗಿದೆ. ಇನ್ನು ಇಡೀ ಊರಿನ ಮುಂದೆ ಎದ್ದು ನಡೆದರೆ, ಅದು ಜನ್ಮದಲ್ಲಿ ವಾಪಸ್ ಬರುವುದಿಲ್ಲ.

ಸ್ಕೂಲ್ ಡೇ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಹೆಡ್‌ಮಿಸ್, ಅವರ ಪಕ್ಕ ಗೊಂಚಲು ಸಮೇತ ಆಫೀಸ್ ಸರ್. ಟರ್ಬೋ ಮಾಮ ರಾಕ್ಷಸಿಯನ್ನು ಕೊಂದ. ಮುಖಕ್ಕೆಲ್ಲ ಕಪ್ಪು ಬಳಿದುಕೊಂಡಿದ್ದ ಏಣಿ ಧೊಪ್ಪನೆ ಬಿದ್ದು ಸತ್ತಳು. ಭರ್ಜರಿ ಚಪ್ಪಾಳೆ. ಟರ್ಬೋ ಮಾಮ ಸಿಡುಕಿಯ ಕಡೆ ತಿರುಗಿ, ಅಂಗೈ ಚಾಚಿ, ಉಫ್ ಎಂದು ಊದಿದ.

ಸಿಡುಕಿ ಏಳಲಿಲ್ಲ.

ಟರ್ಬೋ ಮಾಮ ಇನ್ನೊಮ್ಮೆ ಊದಿದ. "ಏಳೇ," ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. ಪರದೆಯ ಸಂದಿಯಿಂದ ಡ್ರಾಮಾ ಮಿಸ್ ಎರಡೂ ಕೈಯಲ್ಲಿ ಮೇಲೆ ಮೇಲೆ ಎಂದು ಸನ್ನೆ ಮಾಡುತ್ತಿದ್ದರು.

ಸಿಡುಕಿ ಚಕ್ರಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಷ್ಟು ಊದಿದ್ರೂ ಅಷ್ಟೇ," ಎಂದಳು. ಮೈಕಿನಲ್ಲಿ ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ನನಗೇನೂ ಆಗಿಲ್ಲ, ವಾಸಿ ಮಾಡೋಕೆ. ನಾಲ್ಕು ಹೆಜ್ಜೆ ಬರುತ್ತೆ, ಇಪ್ಪತ್ತೆರಡು ಮೆಟ್ಲು ಬರಲ್ಲ. ನಾಲ್ಕು ಹೆಜ್ಜೆ ನೋಡಿ ಆಫೀಸ್ ಸರ್ ಲಿಫ್ಟ್ ಕೀ ತಗೊಂಡ್ಬಿಟ್ರು. ನಿನಗೆ ಅಷ್ಟು ಪವರ್ ಇದ್ರೆ ಅದನ್ನ ಕೊಡ್ಸು, ನೋಡೋಣ."

 ಆಗ ಹಿಂದಿನ ಸಾಲಿನಿಂದ, ಬಸ್ಸನ್ನು ಹೊರಡಿಸುವ ಗಂಟಲೊಂದು, "ರೈಟ್," ಎಂದಿತು.

ಅಮ್ಮ. ಜನ ಹೋ ಎಂದು ನಕ್ಕರು. ಟರ್ಬೋ ಮಾಮನಿಗೆ ಮುಂದಿನ ಮಾತೆಲ್ಲ ಮರೆತುಹೋಗಿತ್ತು. ಏನಾದರೂ ಮಾಡಲೇಬೇಕಿತ್ತು. ಅವನು ಹೊದಿಕೆ ಎಡವುತ್ತ ವೇದಿಕೆಯಿಂದ ಇಳಿದು, ಮೊದಲ ಸಾಲಿಗೆ ಹೋಗಿ ಕೈ ಚಾಚಿದ.

"ಸರ್, ಕೀ."

ಆಫೀಸ್ ಸರ್ ಹೆಡ್‌ಮಿಸ್ ಮುಖ ನೋಡಿದರು. ಹೆಡ್‌ಮಿಸ್‌ಗೆ ಈ ವಿಷಯ ಗೊತ್ತೇ ಇರಲಿಲ್ಲ ಎಂಬುದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. "ಕೊಡ್ರೀ," ಎಂದರು. ಅಷ್ಟು ದೊಡ್ಡ ಗೊಂಚಲಿನಲ್ಲಿ ಪುಟ್ಟ ಕೀ ಹುಡುಕುವಷ್ಟರಲ್ಲಿ ಆಫೀಸ್ ಸರ್ ಬೆವತುಹೋದರು. ವೇದಿಕೆಯ ಮೇಲೆ ಸತ್ತು ಬಿದ್ದಿದ್ದ ರಾಕ್ಷಸಿಯ ಹೊಟ್ಟೆ ನಗು ತಡೆಯಲಾಗದೆ ಕುಣಿಯುತ್ತಿತ್ತು.

ಪರದೆ ಬಿದ್ದ ಮೇಲೆ ಸಿಡುಕಿಯ ಸುತ್ತ ಜನವೋ ಜನ. ಯಾರೋ ಆಂಟಿ ಕೆನ್ನೆ ಹಿಂಡಿ, "ಎಷ್ಟು ಧೈರ್ಯ, ಪಾಪ," ಎಂದರು.

"ಧೈರ್ಯ ಸರಿ, ಪಾಪ ಯಾಕೆ ಆಂಟಿ?" ಎಂದಳು ಸಿಡುಕಿ. ಅದಕ್ಕೂ ಎಲ್ಲರೂ ನಕ್ಕರು. ಏನು ಹೇಳಿದರೂ ನಗುವ ದಿನ ಅದು.

ಒಬ್ಬಳು ತನ್ನ ಪುಟ್ಟ ಮಗನನ್ನು ಗಾಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಳು. ಅಷ್ಟರಲ್ಲಿ ಏಣಿ ಆ ಕಡೆಯಿಂದ ಬಂದಳು. ಕೊಂಬು ಕಂಡದ್ದೇ ತಡ, ಮಗು ಕಿಟಾರನೆ ಕಿರುಚಿ ತಾಯಿಯ ಕಾಲು ತಬ್ಬಿಕೊಂಡಿತು.

"ನೋಡ್ದಾ, ರಾಕ್ಷಸಿ ಬಂದ್ಲು. ಊಟ ಮಾಡ್ದಿದ್ರೆ ಎತ್ಕೊಂಡ್ ಹೋಗ್ತಾಳೆ," ಎಂದು ತಾಯಿ ನಗತೊಡಗಿದಳು.

ಏಣಿ ನಿಂತಳು. ಕೊಂಬಿನ ದಾರ ಬಿಚ್ಚಿ, ಕೊಂಬನ್ನು ಬೆನ್ನ ಹಿಂದೆ ಅಡಗಿಸಿದಳು. ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಳು. "ನೋಡು ಪುಟ್ಟಾ, ಕೊಂಬಿಲ್ಲ. ನಾನು ಅಕ್ಕ," ಎಂದಳು ಮೆಲ್ಲಗೆ.

ಮಗು ಒಂದು ಕಣ್ಣಲ್ಲಿ ನೋಡಿತು. ಮೊದಲಿಗಿಂತ ಜೋರಾಗಿ ಕಿರುಚಿತು.

ಸುತ್ತ ನಿಂತವರೆಲ್ಲ ನಕ್ಕರು. ನಗಲೆಂದು ಸಿಡುಕಿಯ ಬಾಯಿಯೂ ತೆರೆದಿತ್ತು. ಪ್ರತಿ ವರ್ಷ ಏಣಿ ವೇದಿಕೆಗೆ ಬಂದಾಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. ಈಗ ನಗು ಬರಲಿಲ್ಲ. ಏಣಿ ಎದ್ದು, ಯಾರನ್ನೂ ನೋಡದೆ ಹೊರಗೆ ಹೋದಳು.

ಸಿಡುಕಿ ಜನರ ಮಧ್ಯೆ ಗಾಡಿ ನುಗ್ಗಿಸಿಕೊಂಡು ಹಿಂದೆಯೇ ಹೋದಳು.

ಹಾಲ್‌ನ ಹಿಂದೆ ಕೈ ತೊಳೆಯುವ ನಲ್ಲಿಗಳ ಸಾಲು. ಏಣಿ ಕರ್ಚೀಫು ಒದ್ದೆ ಮಾಡಿಕೊಂಡು ಕೆನ್ನೆ ಉಜ್ಜುತ್ತಿದ್ದಳು. ಕಪ್ಪು ಬಣ್ಣ ನೀರಾಗಿ ಇಳಿದು ತೊಟ್ಟಿಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರು ತಿಳಿಯಾಯಿತು. ಏಣಿ ಉಜ್ಜುತ್ತಲೇ ಇದ್ದಳು.

"ಹೋಗಿದೆ ಕಣೇ," ಎಂದಳು ಸಿಡುಕಿ.

"ಗೊತ್ತು," ಎಂದಳು ಏಣಿ. ಮತ್ತೆ ಕರ್ಚೀಫು ಹಿಂಡಿ, ಅದೇ ಕೆನ್ನೆಯನ್ನು ಉಜ್ಜಿದಳು.

ಮೇಕಪ್ಪೂ ಬೇಡ ಎಂದು ಯಾರೋ ಹೇಳಿದ್ದರು. ಯಾರೋ ಅಲ್ಲ. ಆ ಮಾತಿಗೆ ಎಲ್ಲರೂ ನಕ್ಕದ್ದೂ, ತನಗೆ ಖುಷಿಯಾದದ್ದೂ ಸಿಡುಕಿಗೆ ಚೆನ್ನಾಗಿ ನೆನಪಿತ್ತು. ಅವಳ ಕಿವಿ ಬಿಸಿಯಾಯಿತು. 

"ನೀನು ಹೋಗೇ, ಒಳಗೆ ಎಲ್ರೂ ನಿನ್ನ ಹುಡುಕ್ತಿರ್ತಾರೆ," ಎಂದಳು ಏಣಿ, ತಿರುಗದೆ.

ಸಿಡುಕಿ ಹೋಗಲಿಲ್ಲ. ಗಾಡಿಯನ್ನು ನಲ್ಲಿಯ ಪಕ್ಕಕ್ಕೆ ತಂದು, ಬ್ರೇಕ್ ಹಾಕಿ, ಅಲ್ಲೇ ಕೂತಳು.